ಅಳೆಯದೆ ಹಾಕಿದ ಕತ್ತರಿ

ಇನ್ನೊಮ್ಮೆ ಪ್ರವೇಶ ಪರೀಕ್ಷೆ ಬರೆಯುವುದೆಂದರೆ ಮತ್ತೆ ಅಷ್ಟೇ ಶುಲ್ಕ, ಇಬ್ಬರ ಬಸ್ ಚಾರ್ಜು, ಒಂದು ಭಾನುವಾರದ ದುಡಿಮೆ. ಇಷ್ಟನ್ನು ಹೇಗೋ ಹೊಂದಿಸಬಹುದಿತ್ತು. ಹೆದರಿಸಿದ್ದು ಕೊನೆಯ ನಿಯಮ: ಎರಡನೆಯ ಸಲದ ಅಂಕವೇ ಲೆಕ್ಕಕ್ಕೆ, ಮೊದಲಿನದು ರದ್ದು. ಈಗಿನ ಅಂಕಕ್ಕೆ ಮಗಳ ಹೆಸರು ಖಾಸಗಿ ಶಾಲೆಯೊಂದರಲ್ಲಿ ಕಾಯುವವರ ಸಾಲಿನಲ್ಲಿತ್ತು. ಕಡಿಮೆ ಬಂದರೆ ಅದೂ ಇಲ್ಲ.

"ಇದ್ದದ್ದೂ ಕೈತಪ್ಪಿದ್ರೆ?" ಎಂದಳು ತಾಯಿ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ.

ಅವಳ ಅಣ್ಣ ಹೊಸ್ತಿಲ ಮೇಲೆ ಕೂತು ಸೀಮೆಎಣ್ಣೆ ಬಟ್ಟೆಯಿಂದ ಉಗುರಿಗಂಟಿದ ಬಣ್ಣ ಉಜ್ಜುತ್ತಿದ್ದ. ಗೋಡೆಗೆ ಬಣ್ಣ ಬಳಿಯುವುದು ಅವನ ಕಸುಬು. ಮಗಳು ನೆಲದ ಮೇಲೆ ಗಿರಾಕಿಯೊಬ್ಬರ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಸಣಕಲಿ, ಅದಕ್ಕೇ ಎಲ್ಲರೂ ಕರೆಯುತ್ತಿದ್ದುದು ಸೂಜಿ ಎಂದು. ಅವಳು ಗೆರೆ ಎಳೆದರೆ ತಾಯಿ ಮತ್ತೆ ಟೇಪು ಹಿಡಿಯುತ್ತಿರಲಿಲ್ಲ, ನೇರ ಕತ್ತರಿ ಹಾಕುತ್ತಿದ್ದಳು.

"ಲೇ ಸೂಜಿ, ಗೊತ್ತಿಲ್ದೇ ಇರೋ ಪ್ರಶ್ನೆಗೆ ಏನ್ ಮಾಡ್ದೆ?"

"ಬಿಟ್ಟೆ ಮಾವ."

"ಬಿಟ್ಟೆಯಾ! ತಪ್ಪಾದ್ರೆ ಅಂಕ ಕಳೆಯಲ್ಲ ಅಂತ ಅವ್ರೇ ಹೇಳಿದ್ರಲ್ಲೇ. ನಾಲ್ಕು ಉತ್ರಾನೂ ಅವ್ರೇ ಕೊಟ್ಟಿರ್ತಾರೆ. ಕಣ್ಮುಚ್ಚಿ ಒಂದಕ್ಕೆ ಗುರುತು ಹಾಕೋಕೆ ಏನ್ ರೋಗ ನಿಂಗೆ?"

"ಅನುಮಾನ ಇದ್ರೆ ಕತ್ತರಿ ಹಾಕ್ಬಾರ್ದು" ಎಂದಳು ಹುಡುಗಿ.

ಮಿಷನ್ ನಿಂತಿತು. ಅದು ತಾಯಿಯದೇ ಮಾತು. ಮಗಳ ಕೈಗೆ ಮೊದಲ ಸಲ ಕತ್ತರಿ ಕೊಟ್ಟ ದಿನ ಹೇಳಿದ್ದು, ಆಮೇಲೂ ದಿನಕ್ಕೊಮ್ಮೆ ಹೇಳಿದ್ದು.

"ಎಷ್ಟು ಬಿಟ್ಟೆ?"

"ಕೊನೇ ಪುಟದಲ್ಲಿ ಅರ್ಧ."

ಅಣ್ಣ ಗಹಗಹಿಸಿ ನಕ್ಕ. "ನೋಡಮ್ಮ ನಿನ್ನ ಪಾಠ! ನನ್ ಕಸುಬು ಕಲಿಸಿದ್ರೆ ಇಷ್ಟೊತ್ತಿಗೆ ಸೀಟು ಸಿಕ್ಕಿರೋದು. ತಪ್ಪಾಯ್ತಾ, ಮೇಲೊಂದು ಕೋಟ್ ಹೊಡಿ, ಮುಗೀತು."

"ನೀನು ಬಳಿದ ಗೋಡೆ ತೊಟ್ಕೊಂಡು ಯಾರೂ ಮದುವೆಗೆ ಹೋಗಲ್ಲ, ಸುಮ್ನಿರು."

ಆದರೆ ಅವಳು ಮತ್ತೆ ಪೆಡಲು ತುಳಿಯಲಿಲ್ಲ. ಎದ್ದು ಮಂಚದ ಕೆಳಗಿಂದ ಚೂರುಬಟ್ಟೆಯ ಚೀಲ ಎಳೆದು ಮಗಳ ಮುಂದೆ ಸುರಿದಳು.

"ಅಳೀಬೇಡ. ಗೆರೆನೂ ಬೇಡ. ಒಂದು ಕಾಲರ್ ಕತ್ತರಿಸು."

"ಸರಿ ಬರಲ್ಲಮ್ಮ."

"ಸರಿ ಬರದಿದ್ರೆ ಬಿಡು. ಇದು ಯಾರ ಬಟ್ಟೆನೂ ಅಲ್ಲ. ನೀನು ಬಿಟ್ಟ ಪ್ರಶ್ನೆಗಳೂ ಇಷ್ಟೇ, ತಪ್ಪಾದ್ರೆ ಯಾರ ಗಂಟೂ ಹೋಗಲ್ಲ."

"ಗೊತ್ತಿಲ್ದೇ ಇರೋದನ್ನ ಗೊತ್ತು ಅಂದ ಹಾಗಾಗಲ್ವಾ?"

ತಾಯಿ ಅಣ್ಣನ ಮುಖ ನೋಡಿದಳು. ಅವನು ಉಗುರು ನೋಡಿಕೊಂಡ. "ಅವ್ರು ಹಾಗೇ ಕೇಳ್ತಾರೆ ಕಣೇ" ಎಂದಳು ಕೊನೆಗೆ.

ಹುಡುಗಿ ಕತ್ತರಿ ಎತ್ತಿ, ಇಟ್ಟು, ಮತ್ತೆ ಎತ್ತಿದಳು. ಮೊದಲ ಕಾಲರ್ ಸೊಟ್ಟಗಾಯಿತು. ಮೂರನೆಯದರ ಹೊತ್ತಿಗೆ ಅವಳಿಗೆ ನಗು ಬಂತು. ಚೂರೆಲ್ಲ ಮುಗಿದ ಮೇಲೆ, "ಬರೀತೀನಿ" ಎಂದಳು.

ಬರೆದಳು, ಒಂದನ್ನೂ ಬಿಡದೆ. ಅಂಕ ಏರಿತು, ಸೀಟು ಬಂತು. ಅಣ್ಣ ತನ್ನಿಂದಲೇ ಆಯಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದ.

ಶಾಲೆ ಶುರುವಾದ ವಾರ, ತಾಯಿ ಗಿರಾಕಿಯೊಬ್ಬರ ಹೊಸ ಕೋಟಿನ ತೋಳಿನ ಅಳತೆ ಕೇಳಿದಳು. ಮಗಳು ಗೆರೆ ಎಳೆಯುತ್ತಲೇ ಥಟ್ಟನೆ ಹೇಳಿದಳು.

"ಟೇಪು ಹಿಡಿದ್ಯಾ?"

"ಅಷ್ಟೇ ಇರುತ್ತೆ ಬಿಡಮ್ಮ."

ತಾಯಿ ಟೇಪು ಹಿಡಿದು ನೋಡಿದಳು. ಅಷ್ಟೇ ಇತ್ತು. ಆದರೂ ಅಂದಿನಿಂದ ಮಗಳು ಎಳೆದ ಗೆರೆಯನ್ನು ತಾಯಿ ಇನ್ನೊಮ್ಮೆ ಅಳೆದೇ ಕತ್ತರಿ ಹಾಕತೊಡಗಿದಳು.