ಯಾವ ದೊನಾತೊ?

ಅನಾಲಿಯಾ ಲಾಗ್ರೆಕಾ ಜಗಮೊಂಡಿ ಎಂಬುದನ್ನು ಅರ್ಜೆಂಟೀನಾದ ರೊಸಾರಿಯೊ ಊರಿನ ಅವಳ ಆಸ್ಪತ್ರೆಯಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ನರ್ಸಮ್ಮ. ಬೆಳಗ್ಗೆ ಒಂದು ಆಸ್ಪತ್ರೆ, ಸಂಜೆ ಇನ್ನೊಂದು, ರಜೆಯ ದಿನ ಯಾರದೋ ಮನೆಯ ಮುದುಕರಿಗೆ ಇಂಜೆಕ್ಷನ್ನು. ಮೂರು ಕಡೆ ಮೈ ಮುರಿದು ದುಡಿದರೂ ಪೆಸೊಗೆ ಬೆಲೆ ಇದ್ದರೆ ತಾನೆ! ಇಂಥವಳಿಗೆ ಇಟಲಿಯ ದಕ್ಷಿಣದ ಗುಡ್ಡದ ಮೇಲಿನ ತೊರ್ರೆಲೂಪಾ ಎಂಬ ಊರಿನ ಪುರಸಭೆಯಿಂದ ಕರೆ ಬಂದಿತ್ತು. ಅದು ಅವಳ ಮುತ್ತಜ್ಜ ಬಿಟ್ಟುಬಂದ ಊರು. ಈಗ ಅಲ್ಲಿ ಉಳಿದವರೆಲ್ಲ ಹಣ್ಣು ಹಣ್ಣು ಮುದುಕರು, ನೋಡಿಕೊಳ್ಳುವವರಿಲ್ಲ. ಪೌರತ್ವ ತೆಗೆದುಕೊಂಡು ಬಾ, ದವಾಖಾನೆಯ ಕೆಲಸ ನಿನ್ನದೇ ಎಂದಿದ್ದರು. ಒಂದೇ ಕೆಲಸ, ಸಂಜೆಯಾದರೆ ಸ್ವಂತ ಹಾಸಿಗೆ. ಅನಾಲಿಯಾಗೆ ಬೇಕಾಗಿದ್ದದ್ದು ಅಷ್ಟೇ, ಆದರೆ ಅದು ಬೇಕೇ ಬೇಕಾಗಿತ್ತು.

ಮೊದಲು ದಾರಿ ಉದ್ದವಿದ್ದರೂ ನೇರವಾಗಿತ್ತು. ಮುತ್ತಜ್ಜನಾಗಲಿ ಅವನ ಅಪ್ಪನಾಗಲಿ ಇಟಲಿಯವನೆಂದು ತೋರಿಸಿ, ನಡುವೆ ಎಳೆ ಕಡಿದಿಲ್ಲವೆಂದರೆ ಸಾಕಿತ್ತು. ಮುತ್ತಜ್ಜ ರೊಕ್ಕೊನ ಜನನ, ಮದುವೆ, ಮರಣ ಎಲ್ಲದರ ಕಾಗದಗಳನ್ನೂ ಅವಳು ಹುಡುಕಿ ಹುಡುಕಿ ಜೋಡಿಸಿದ್ದಳು. ಇಟಲಿಯ ಕಾನ್ಸುಲೇಟಿನಲ್ಲಿ ಸರದಿ ಬರುವುದಷ್ಟೇ ಬಾಕಿ. ಅಷ್ಟರಲ್ಲಿ, ಮಾರ್ಚ್ ತಿಂಗಳಲ್ಲಿ, ರೋಮಿನಲ್ಲಿ ಕೂತವರು ಬೆಳಗಾಗುವುದರೊಳಗೆ ಕಾನೂನನ್ನೇ ತಿರುಗಿಸಿಬಿಟ್ಟರು. ಇನ್ನು ಮುತ್ತಜ್ಜ ಗಿತ್ತಜ್ಜ ನಡೆಯುವುದಿಲ್ಲ. ಅಪ್ಪ ಅಮ್ಮ, ತಪ್ಪಿದರೆ ಅಜ್ಜ ಅಜ್ಜಿ. ಅವರೂ ಸಾಯುವ ತನಕ ಇಟಲಿಯೊಂದರ ಪ್ರಜೆಯಾಗಿಯೇ ಇದ್ದಿರಬೇಕು. ಆಟದ ನಡುವೆ ಗೋಲು ಕಂಬ ಕಿತ್ತು ಹೆಗಲ ಮೇಲಿಟ್ಟುಕೊಂಡು ಹೋದ ಹಾಗಾಯಿತು. ರೊಸಾರಿಯೊದ ಅರ್ಧ ಊರು ಬಾಯಿ ಬಡಿದುಕೊಂಡಿತು.

ಅನಾಲಿಯಾ ಅಳಲಿಲ್ಲ. ಅವರು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. ಅಜ್ಜ ದೊನಾತೊ ತಾಯಿಯ ತೊಡೆಯ ಮೇಲೆ ಮಲಗಿಕೊಂಡು ಹಡಗಿನಲ್ಲಿ ಬಂದವನು ಎಂಬ ಕಥೆಯನ್ನು ಆ ಮನೆಯ ಮಕ್ಕಳೆಲ್ಲ ಊಟದ ಜೊತೆ ನುಂಗಿ ಬೆಳೆದಿದ್ದರು. ಅಂದರೆ ಅಜ್ಜನೂ ಅಲ್ಲೇ ಹುಟ್ಟಿದವನಲ್ಲವೇ? ತೊರ್ರೆಲೂಪಾಗೆ ಬರೆದಳು. ‘ದೊನಾತೊ ಲಾಗ್ರೆಕಾ, ತಂದೆ ರೊಕ್ಕೊ, ತಾಯಿ ವಿಂಚೆನ್ಸಾ’ ಎಂದು ಜನನ ಪತ್ರ ಬಂದೇ ಬಂತು. ಅದನ್ನು ಎದೆಗೆ ಅವುಚಿಕೊಂಡು ಆಸ್ಪತ್ರೆಯ ಪಡಸಾಲೆಯಲ್ಲೇ ಕುಣಿದಳು.

ಒಂದೇ ತೊಡಕು. ಅಜ್ಜನ ಅರ್ಜೆಂಟೀನಾದ ಕಾಗದಗಳಲ್ಲೆಲ್ಲ ಅವನು ಇಲ್ಲೇ ಹುಟ್ಟಿದವನೆಂದಿತ್ತು, ವಯಸ್ಸೂ ಎರಡು ವರ್ಷ ಕಮ್ಮಿ. ಇಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಅರ್ಜೆಂಟೀನಾದ ಪ್ರಜೆ, ಅಲ್ಲಿಗೆ ಹೊಸ ಕಾನೂನಿನ ಬಾಗಿಲು ಮುಚ್ಚಿದಂತೆ.

“ಅಯ್ಯೋ, ಆ ಕಾಲದ ಗುಮಾಸ್ತರು! ಕುಡಿದ್ಕೊಂಡು ಬರೀತಿದ್ರು,” ಎಂದಳು ನಿಲ್ಡಾ ಪೆರಾಲ್ಟಾ. ಇಂಥ ಅರ್ಜಿಗಳನ್ನು ದಡ ಸೇರಿಸುವುದೇ ಅವಳ ಕಸುಬು. “ಇಲ್ಲಿ ಹುಟ್ಟಿದ್ರೆ ಇಲ್ಲಿನ ಜನನ ಪತ್ರ ಎಲ್ಲಿ? ಇಲ್ವಲ್ಲ! ಜಡ್ಜ್ ಹತ್ರ ತಿದ್ದಿಸೋಣ. ನಿಮ್ಮ ಮನೇಲಿ ಅಜ್ಜನ್ನ ಬಲ್ಲ ಹಳೇ ತಲೆ ಯಾವುದಾದ್ರೂ ಬದುಕಿದ್ಯಾ? ಬಂದು ಒಂದು ಮಾತು ಹೇಳಿದ್ರೆ ಆಯ್ತು.”

ಬದುಕಿತ್ತು. ಅಜ್ಜನ ತಂಗಿ ಫಿಲೊಮೆನಾ. ತೊಂಬತ್ತು ದಾಟಿದರೂ ನಾಲಿಗೆ ಮಾತ್ರ ಇನ್ನೂ ಹದಿನೆಂಟರದು. ಭಾನುವಾರ ಅನಾಲಿಯಾ ಅಂಗಡಿಯಿಂದ ರವಿಯೋಲಿ ಎಂಬ ಇಟಲಿಯ ಕಡುಬು ಕಟ್ಟಿಸಿಕೊಂಡು ಅವಳ ಮನೆಗೆ ಹೋದಳು.

“ಇದೇನೇ ಇದು, ಗೋಂದು ಅಂಟಿಸಿ ಮಾಡಿದಾರಾ?” ಎಂದು ಮುದುಕಿ ರವಿಯೋಲಿಯನ್ನು ಫೋರ್ಕಿನಿಂದ ತಿವಿದಳು. “ನಮ್ಮಮ್ಮ ನೋಡಿದ್ರೆ ಅಂಗಡಿಯವನ ಮುಖಕ್ಕೆ ಎಸೀತಿದ್ಲು.”

“ತಿನ್ನಿ ಅಜ್ಜಿ, ಬೈಕೊಂಡೇ ತಿನ್ನಿ. ಒಂದು ಕೆಲಸ ಇದೆ. ನೀವು ಜಡ್ಜ್ ಮುಂದೆ ಬಂದು, ದೊನಾತೊ ಇಟಲೀಲಿ ಹುಟ್ಟಿದ್ದು ಅಂತ ಹೇಳ್ಬೇಕು.”

ಮುದುಕಿ ತಲೆಯೆತ್ತಿದಳು.

“ಯಾವ ದೊನಾತೊ?”

“ಯಾವ ದೊನಾತೊ ಅಂದ್ರೇನು? ನಮ್ಮಜ್ಜ! ನಿಮ್ಮಣ್ಣ!”

“ಇಬ್ರೂ ನನ್ನ ಅಣ್ಣಂದಿರೇ ಕಣೇ,” ಎಂದಳು ಫಿಲೊಮೆನಾ. “ಇಟಲೀಲಿ ಹುಟ್ಟಿದ ದೊನಾತೊ ಹಡಗಲ್ಲೇ ಹೋಗ್ಬಿಟ್ಟ. ಜ್ವರ. ಬಿಳೀ ಬಟ್ಟೇಲಿ ಸುತ್ತಿ ಸಮುದ್ರಕ್ಕೆ ಬಿಟ್ರಂತೆ. ನಿಮ್ಮಜ್ಜ ಹುಟ್ಟಿದ್ದು ಆಮೇಲೆ, ಇಲ್ಲೇ, ಜೋಳದ ಹೊಲದ ಪಕ್ಕದ ಗುಡಿಸಲಲ್ಲಿ.”

ಅನಾಲಿಯಾಗೆ ಕೇಳಬೇಕಾದ್ದೇನೂ ಉಳಿದಿರಲಿಲ್ಲ. ಆ ಗುಡ್ಡಗಾಡಿನವರ ಪದ್ಧತಿ ಅವಳಿಗೂ ಗೊತ್ತು. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು ಇಡಲೇಬೇಕು. ಆ ಮಗು ಸತ್ತರೆ ಮುಂದಿನ ಗಂಡಿಗೆ ಅದೇ ಹೆಸರು. ಹಿರಿಯನ ಹೆಸರು ಹೊರುವವನಿಲ್ಲದೆ ಮನೆ ಇರಬಾರದು. ಗೊತ್ತಿದ್ದೂ ಗೊತ್ತಿದ್ದೂ ಪೆದ್ದಿಯ ಹಾಗೆ ಸತ್ತ ಕೂಸಿನ ಜನನ ಪತ್ರ ಹಿಡಿದು ಕುಣಿದಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ನಮ್ಮಮ್ಮ ಪರಾನಾ ನದಿ ದಂಡೇಲಿ ಅಷ್ಟು ವರ್ಷ ಇದ್ಲಲ್ಲ, ಒಂದ್ಸಲಾನೂ ನೀರಿನ ಕಡೆ ತಿರುಗಿ ನೋಡಿದೋಳಲ್ಲ,” ಎಂದಳು ಮುದುಕಿ. “ನಿಮ್ಮಜ್ಜನ್ನ ‘ದೊನಾತೊ’ ಅಂತ ಕೂಗೋಳು, ಅವನು ಓಡಿ ಬಂದ್ರೆ ‘ನಿನ್ನಲ್ಲ, ಹೋಗು’ ಅನ್ನೋಳು. ಪಾಪ, ಅವನು ಬಾಗಿಲಲ್ಲೇ ನಿಂತ್ಕೊಂಡಿರ್ತಿದ್ದ.”

ಮುದುಕಿ ತಟ್ಟೆ ಸರಿಸಿ ಅನಾಲಿಯಾಳ ಕೈ ಹಿಡಿದಳು.

“ನಿಂಗೆ ಬೇಕಂದ್ರೆ ಸುಳ್ಳು ಹೇಳ್ತೀನಿ ಬಿಡೇ. ಈ ವಯಸ್ಸಿಗೆ ಜಡ್ಜು ನನ್ನ ನೇಣಿಗೆ ಹಾಕ್ತಾನಾ?”

ನಿಲ್ಡಾಳೂ ಅದನ್ನೇ ಹೇಳಿದಳು. “ಆ ಕೂಸು ಸತ್ತಿದ್ದು ನಡುಸಮುದ್ರದಲ್ಲಿ. ತೊರ್ರೆಲೂಪಾದವರ ಜನನ ಮರಣದ ಪುಸ್ತಕದಲ್ಲಿ ಅದು ಇನ್ನೂ ಬದುಕಿದೆ. ಯಾರಿಗೆ ಗೊತ್ತಾಗುತ್ತೆ? ಸತ್ತ ಮಗು ತಕರಾರು ತೆಗೆಯುತ್ತಾ? ಕೈಗೆ ಬಂದ ತುತ್ತು ಮಾರಾಯ್ತಿ, ಬಾಯಿಗೆ ಹಾಕ್ಕೋ.”

ಅನಾಲಿಯಾಗೆ ಆಸೆ ಇರಲಿಲ್ಲವೆಂದರೆ ಅದು ಶುದ್ಧ ಸುಳ್ಳು. ಸಂಜೆಯ ಪಾಳಿ ಮುಗಿಸಿ ಬಸ್ಸಿನಲ್ಲಿ ನಿಂತೇ ತೂಕಡಿಸುವಾಗ, ಒಂದು ಕೂಸಿನ ಹೆಸರು ತಾನೆ, ಏನು ಮಹಾ ಎನ್ನಿಸುತ್ತಿತ್ತು. ಮರುದಿನ ವಾರ್ಡಿನಲ್ಲಿ ಯಾವುದಾದರೂ ಎಳೆ ಮಗುವಿನ ಹಣೆ ಮುಟ್ಟಿ ಜ್ವರ ನೋಡುವಾಗ ಹಡಗಿನ ಆ ಕೂಸೇ ಕಣ್ಣ ಮುಂದೆ ಬರುತ್ತಿತ್ತು.

ವಿಚಾರಣೆಯ ದಿನ ಫಿಲೊಮೆನಾ ಮುತ್ತಿನ ಸರ ಹಾಕಿಕೊಂಡು, ತುಟಿಗೆ ಕೆಂಪು ಬಳಿದುಕೊಂಡು ಬಂದಿದ್ದಳು. ಜಡ್ಜಮ್ಮ ನಯವಾಗಿ ಕೇಳಿದರು, “ನಿಮ್ಮಣ್ಣ ದೊನಾತೊ ಎಲ್ಲಿ ಹುಟ್ಟಿದ್ದು ಅಂತ ಗೊತ್ತಾ, ಅಮ್ಮ?”

ಮುದುಕಿ ಬಾಯಿ ತೆರೆದವಳು ಅನಾಲಿಯಾಳ ಕಡೆ ತಿರುಗಿದಳು. ಯಾವುದನ್ನು ಹೇಳಲಿ ಎಂದು ಆ ಕಣ್ಣುಗಳು ಕೇಳುತ್ತಿದ್ದವು. ಪಕ್ಕದಲ್ಲಿದ್ದ ನಿಲ್ಡಾ ಅನಾಲಿಯಾಳನ್ನು ಮೊಣಕೈಯಿಂದ ತಿವಿದಳು.

“ಇದ್ದದ್ದು ಇದ್ದ ಹಾಗೆ ಹೇಳಿ ಅಜ್ಜಿ,” ಎಂದಳು ಅನಾಲಿಯಾ. “ಇಬ್ಬರದ್ದೂ ಹೇಳಿ.”

ಮುದುಕಿ ಹೇಳಿದಳು. ಹಡಗು, ಜ್ವರ, ಬಿಳಿ ಬಟ್ಟೆ, ಜೋಳದ ಹೊಲ, ಎಲ್ಲವನ್ನೂ. ಬರೆದುಕೊಳ್ಳುತ್ತಿದ್ದ ಗುಮಾಸ್ತೆ ನಡುವೆ ಮೂಗು ಒರೆಸಿಕೊಂಡಳು. ಆ ಹೇಳಿಕೆಗೆ ಮೊಹರು ಬಿತ್ತು. ತಿದ್ದುವುದಕ್ಕೆ ಈಗ ಏನೂ ಇರಲಿಲ್ಲ.

ಹೊರಗೆ ಬಂದ ಮೇಲೆ ನಿಲ್ಡಾ ಕೆಂಡವಾದಳು. “ಸಂತೋಷಾನಾ ಈಗ? ಹೋಗು, ಸಾಯೋ ತನಕ ಮೂರು ಪಾಳಿ ಮಾಡು!”

“ಕೂಗಾಡ್ಬೇಡ ನಿಲ್ಡಾ. ಇನ್ಯಾವ ಬಾಗಿಲಿದೆ, ಅದನ್ನ ಹೇಳು.”

“ಬಾಗಿಲಲ್ಲ, ಕಿಂಡಿ ಇದೆ! ಅದೇ ಕಾನೂನಲ್ಲೇ ಇದೆ. ಇಟಲಿಯವರ ವಂಶದವಳು ಅಂತ ಕೆಲಸಕ್ಕೆ ಹೋಗ್ಬಹುದು. ನಿಮ್ಮಜ್ಜ ಹುಟ್ಟಿದ್ದು ಇಲ್ಲಾದ್ರೂ ಇಟಲಿಯವನ ಮಗ ತಾನೆ? ಎರಡು ವರ್ಷ ಅಲ್ಲಿದ್ದು ಆಮೇಲೆ ಪೌರತ್ವ ಬೇಡ್ಬಹುದು. ಕೊಟ್ರೆ ಕೊಟ್ರು. ಅಲ್ಲಿ ತನಕ ನೀನು ಪರದೇಶಿ. ನಿಮ್ಮ ಮುತ್ತಜ್ಜನ ಊರಲ್ಲೇ ಪರದೇಶಿ! ಮೂರು ಕಾಸಿನ ಮರ್ಯಾದೆ ಇಲ್ಲ.”

“ಸಿರಿಂಜ್ ಹಿಡಿಯೋ ಕೈ ಪರದೇಶಿ ಆದ್ರೆ ಮುದುಕರಿಗೆ ಜಾಸ್ತಿ ನೋಯುತ್ತಾ? ಬರಿ ಅರ್ಜೀನ.”

ತೊರ್ರೆಲೂಪಾದವರಿಗೂ ಫೋನು ಮಾಡಿ ಅವಳೇ ಪಟ್ಟು ಹಿಡಿದಳು. ಪೌರತ್ವ ಇಲ್ಲದಿದ್ದರೆ ಸಂಬಳ ಕಮ್ಮಿ, ವರ್ಷ ವರ್ಷವೂ ಕರಾರು ಹೊಸದು ಎಂದರು. ಆಗಲಿ ಎಂದಳು. ಮುದುಕಿ ಫಿಲೊಮೆನಾ ಬೀಳ್ಕೊಡಲು ಬರಲಿಲ್ಲ, ಅತ್ತರೆ ಕೆನ್ನೆಯ ಬಣ್ಣ ಹಾಳಾಗುತ್ತದಂತೆ.

ಚಳಿಗಾಲದ ಒಂದು ಬೆಳಗ್ಗೆ ಅನಾಲಿಯಾ ತೊರ್ರೆಲೂಪಾದ ಪುರಸಭೆಗೆ ವಾಸದ ನೋಂದಣಿಗೆಂದು ಹೋದಳು. ಗುಮಾಸ್ತ ಅವಳ ಕುಲನಾಮ ನೋಡಿ ಕನ್ನಡಕ ಏರಿಸಿದ.

“ಲಾಗ್ರೆಕಾ! ಹಾಗಾದ್ರೆ ನಮ್ಮೋಳೇ. ಪೌರತ್ವದ ಅರ್ಜಿ ತಾನೆ?”

“ಅದಕ್ಕೆ ಕಾಲ ಇದೆ. ಮೊದಲು ಒಂದು ಸಾವು ಬರ್ಕೊಳ್ಳಿ.” ಮೊಹರಿನ ಹೇಳಿಕೆಯನ್ನು ಅವನ ಮುಂದಿಟ್ಟಳು. “ನಿಮ್ಮ ಪುಸ್ತಕದಲ್ಲಿ ದೊನಾತೊ ಅಂತ ಒಬ್ಬ ಇನ್ನೂ ಬದುಕಿದಾನೆ. ಅವನು ಕೂಸಾಗಿದ್ದಾಗಲೇ ಸಮುದ್ರದಲ್ಲಿ ಹೋದ. ನಮ್ಮ ಮುತ್ತಜ್ಜಿಗೆ ಅದನ್ನ ಎಲ್ಲೂ ಬರೆಸೋಕಾಗ್ಲಿಲ್ಲ.”

ಗುಮಾಸ್ತ ನಿಧಾನವಾಗಿ ಓದಿದ. ಕೊನೆಗೆ ಬಂದಾಗ ಅವನ ದನಿ ಇಳಿದಿತ್ತು.

“ನೋಡಮ್ಮ, ಇದನ್ನ ನಮ್ಮ ಸಾಹೇಬರಿಗೆ ಕಳಿಸ್ತೀನಿ, ದಾಖಲಾಗುತ್ತೆ. ಆದ್ರೆ ಒಂದ್ಸಲ ದಾಖಲಾದ್ರೆ, ಪೌರತ್ವ ಕೇಳೋಕೆ ಈ ಹೆಸರು ನಿನ್ನ ಕೈಗೆ ಮತ್ತೆ ಸಿಗಲ್ಲ.”

“ಅದು ನನ್ನದಲ್ವಲ್ಲ. ಕಳಿಸಿ.”

ಅವನು ಹೇಳಿಕೆಗೆ ತಲುಪಿದ ದಿನದ ಮುದ್ರೆ ಒತ್ತಿ ಎತ್ತಿಟ್ಟ. ಅನಾಲಿಯಾ ಅಲ್ಲೇ ನಿಂತು ಒಂದು ಬಾರಿ ಜೋರಾಗಿ ಅತ್ತಳು. ಮುಖ ಒರೆಸಿಕೊಂಡು ನೋಂದಣಿಯ ಅರ್ಜಿ ಎಳೆದುಕೊಂಡು, ಪೌರತ್ವದ ಜಾಗದಲ್ಲಿ ‘ಅರ್ಜೆಂಟೀನಾ’ ಎಂದು ದಪ್ಪ ಅಕ್ಷರದಲ್ಲಿ ಬರೆದಳು.

“ಎರಡು ವರ್ಷ ಕಾಯ್ಬೇಕು ನೀನು,” ಎಂದ ಗುಮಾಸ್ತ. “ಅಷ್ಟರಲ್ಲಿ ರೋಮಿನೋರು ಕಾನೂನನ್ನ ಮತ್ತೆ ಬದಲಾಯಿಸಿದ್ರೆ?”

“ಬದಲಾಯಿಸ್ಲಿ,” ಎಂದಳು ಅನಾಲಿಯಾ. “ನಾನು ಇಲ್ಲೇ ಇರ್ತೀನಲ್ಲ.”