ನೆರಳಿನಲ್ಲಿ ಹದಿನೈದು ನಿಮಿಷ

"ಇದು ಬೆವರೋ, ಟ್ಯಾಂಕಿನ ನೀರೋ?"

ಯಾರನ್ನೂ ಕೇಳಿದ್ದಲ್ಲ. ಎದುರಿಗಿದ್ದದ್ದು ಮೂರನೇ ಮಹಡಿಯ ಗಾಜು. ಅದು ಉತ್ತರ ಕೊಡುವ ಪೈಕಿ ಅಲ್ಲ. ದೊಡ್ಡಕ್ಕ ಉದ್ದನೆಯ ಕೋಲನ್ನು ಎಡಗೈಗೆ ಬದಲಾಯಿಸಿಕೊಂಡಳು. ನೋಯುತ್ತಿದ್ದ ಬಲ ಭುಜವನ್ನು ಬೈದುಕೊಳ್ಳುತ್ತಲೇ ಕೈಯನ್ನು ಸೊಂಟದ ಹಿಂದಕ್ಕೆ ಒಯ್ದು, ಇಳಿಯುತ್ತಿದ್ದ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟಳು. ಉಪ್ಪಿರಲಿಲ್ಲ.

"ಹಾಳಾದ್ದು, ಟ್ಯಾಂಕೇ."

ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಗು ಅದು. ಒಳಗೆ ಹದಿನಾರು ಲೀಟರ್ ನೀರು, ಕೆಳಗೆ ಬ್ಯಾಟರಿ, ಒಂದು ಪುಟ್ಟ ಪಂಪು. ಪಂಪಿನ ನೀರು ಪೈಪಿನಲ್ಲಿ ಕೋಲಿನುದ್ದಕ್ಕೂ ಏರಿ ತುದಿಯ ಬ್ರಷ್ಷಿನಲ್ಲಿ ಚಿಮ್ಮುತ್ತದೆ. ನೆಲದ ಮೇಲೆ ನಿಂತೇ ಮೂರು ಮಹಡಿಯ ಗಾಜು ತೊಳೆಯಬಹುದು. ಹೀಗಾಗಿ ಏಣಿಯಿಂದ ಬೀಳುವ ಭಯ ಹೋಗಿ, ಬೆನ್ನು ಸಿಕ್ಕಿಬಿದ್ದಿತ್ತು.

ಫೀಽ ಎಂದು ಸೀಟಿ ಕೂಗಿತು. ಊದಿದವನ ಹೆಸರೂ ಸೀಟಿಯೇ. ಮೇಲ್ವಿಚಾರಕ. ಕೆಲಸದವರನ್ನು ಆತ ಇವತ್ತಿನವರೆಗೆ ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ.

"ಏಯ್, ಬೆನ್ನು ತುರಿಸ್ಕೊಂಡು ನಿಂತಿದ್ದೀಯಲ್ಲ, ಗಾಜು ನಿಮ್ಮಪ್ಪ ಬಂದು ತೊಳೀತಾನಾ?"

"ನಮ್ಮಪ್ಪ ಬಂದ್ರೆ ಮೊದ್ಲು ನಿನ್ನ ಬಾಯಿ ತೊಳೀತಾನೆ. ಬ್ಯಾಗು ಸೋರ್ತಿದೆ, ಬಂದು ನೋಡು."

ಸೋರುತ್ತಿದೆ ಎಂದದ್ದೇ ತಡ, ಸೀಟಿ ನೆರಳು ಬಿಟ್ಟು ಓಡಿ ಬಂದ. ಹೋದ ತಿಂಗಳು ದೊಡ್ಡಕ್ಕ ಭುಜ ಹಿಡಿದುಕೊಂಡು ಇಲ್ಲೇ ಕಲ್ಲುಹಾಸಿನ ಮೇಲೆ ಕುಸಿದು ಕೂತಾಗ ಆ ನೆರಳು ಅವನನ್ನು ಬಿಟ್ಟಿರಲಿಲ್ಲ. ಈಗ ಬ್ಯಾಗನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಇಳಿಸಿಕೊಂಡು, ತಿರುಗಿಸಿ ತಿರುಗಿಸಿ ನೋಡಿದ.

"ಎತ್ತಿ ಹಾಕಿದ್ಯೇನೇ?"

"ನಾನ್ಯಾಕೆ ಹಾಕ್ಲಿ? ಭುಜದ ಪಟ್ಟಿ ಹೊಲಿಗೇನೂ ಬಿಟ್ಟಿದೆ ನೋಡು. ಎಂಟು ತಿಂಗಳಿಗೇ ಮುಗೀತು ಇದರ ಆಯಸ್ಸು. ಹಳೇ ಟ್ಯಾಂಕು ಹತ್ತು ವರ್ಷ ಬಾಳಿಕೆ ಬಂತು."

"ಗಟ್ಟಿ ಮಾಲು ಅದು."

"ಹೌದು. ಅದನ್ನ ಹೊತ್ತಿದ್ದ ಇಬ್ಬರು ಅಷ್ಟು ಬಾಳಿಕೆ ಬರಲಿಲ್ಲ."

ಸೀಟಿ ಅದನ್ನು ಕೇಳಿಸಿಕೊಳ್ಳಲಿಲ್ಲ. "ಎರಡು ವರ್ಷ ವಾರಂಟಿ ಇದೆ ಇದಕ್ಕೆ. ಹೊಸಾದೇ ಕೊಡ್ತಾರೆ."

"ನನ್ನ ಭುಜಕ್ಕೆ?"

"ನಿನ್ನನ್ನ ಯಾವ ಅಂಗಡೀಲಿ ತಂದಿದ್ದು? ರಸೀದಿ ತೋರ್ಸು."

ಮಧ್ಯಾಹ್ನ ಸಾಮಾನಿನ ಕೋಣೆಯಲ್ಲಿ ಬಕೆಟ್ಟುಗಳನ್ನು ಬೋರಲು ಹಾಕಿಕೊಂಡು ಕೂತಾಗ ಏಣಿಯಣ್ಣ ವಾರಂಟಿಯ ಪುಸ್ತಕ ಬಿಚ್ಚಿದ. ಏಣಿಯ ಹಾಗೇ ಉದ್ದಕ್ಕಿದ್ದ ಆತ ಕೋಲು ಹಿಡಿದು ದುಡಿಯುವವರ ಪೈಕಿ ಎಲ್ಲರಿಗಿಂತ ಹಿರಿಯ. ಏನನ್ನೇ ಓದಿದರೂ ರಾಗವಾಗಿ ಓದುವುದು ಅವನಿಗೆ ಚಿಕ್ಕಂದಿನಿಂದ ಬಂದದ್ದು. ದೊಡ್ಡಕ್ಕ ಕಣ್ಣು ಮುಚ್ಚಿ ಕೇಳಿದಳು, ಅವಳ ತಾಯಿ ಪದ್ಯ ಕೇಳುತ್ತಿದ್ದ ಹಾಗೆ.

"ಸದರಿ ಉಪಕರಣವನ್ನು ಎರಡು ಗಂಟೆಗೊಮ್ಮೆ ಬೆನ್ನಿನಿಂದ ಇಳಿಸೀ... ಹದಿನೈದು ನಿಮಿಷ ನೆರಳಿನಲ್ಲಿ ಇರಿಸತಕ್ಕದ್ದೂ... ದಿನಕ್ಕೆ ಆರು ಗಂಟೆ ಮೀರಿ ದುಡಿಸತಕ್ಕದ್ದಲ್ಲಾ..."

"ಇನ್ನೊಂದ್ಸಲ ಓದಣ್ಣ. ಕಿವಿಗೆ ತಂಪಾಗ್ತಿದೆ."

ಓದಿದ. ದೊಡ್ಡಕ್ಕ ಉಸಿರು ಬಿಟ್ಟಳು. "ಯಾವ ಪುಣ್ಯಾತ್ಮ ಬರೆದನೋ. ಮುಂದಿನ ಜನ್ಮ ಅಂತಿದ್ರೆ ಬ್ಯಾಗಾಗೇ ಹುಟ್ಟಿಸಪ್ಪಾ ದೇವರೇ."

"ಕೊನೇದು ಕೇಳು. ಮಾಲೀಕರ ಅರಿವಿಗೆ ಬಾರದೆ ಅನ್ಯರಿಂದಾದ ದುರ್ಬಳಕೆಗೆ ಮಾಲೀಕರು ಹೊಣೆಯಲ್ಲಾ..."

ಈ ಸಾಲು ಯಾಕೋ ರಾಗಕ್ಕೆ ಕೂರಲಿಲ್ಲ.

ದೊಡ್ಡಕ್ಕನಿಗೆ ಗಂಟೆಯ ಮಾತು ಬರೀ ತಮಾಷೆಯಾಗಿರಲಿಲ್ಲ. ದಿನಕ್ಕೆ ಹನ್ನೊಂದು ಗಂಟೆ ಹೊರಿಸಿ ಭುಜ ಹಾಳು ಮಾಡಿದರು ಎಂದು ಕಾರ್ಮಿಕರ ಕಚೇರಿಗೆ ಅರ್ಜಿ ಕೊಟ್ಟಿದ್ದಳು. ಧಣಿಯ ಹಾಜರಿ ಪುಸ್ತಕದಲ್ಲಿ ಆರೇ ಗಂಟೆ ಇತ್ತು. "ಬಾಯಿಮಾತು ಬೇಡಮ್ಮ, ಸೋಮವಾರ ಸಾಕ್ಷಿ ತಗೊಂಡು ಬಾ" ಎಂದಿದ್ದರು ಅಲ್ಲಿನ ಸಾಹೇಬರು. ಬಾಗಿದ ಭುಜ ಅವರ ಲೆಕ್ಕದಲ್ಲಿ ಸಾಕ್ಷಿ ಅಲ್ಲ.

ಮಾರನೆಯ ದಿನ ಬ್ಯಾಗಿನ ಕಂಪನಿಯ ಮೆಕ್ಯಾನಿಕ್ ಬಂದ. ಧಣಿಯ ಕೋಣೆಯಲ್ಲೇ ಬಿಚ್ಚಿದ್ದಾಯಿತು. ಹೊತ್ತವಳು ಇರಬೇಕೆಂದು ದೊಡ್ಡಕ್ಕನನ್ನೂ ಕರೆಸಿ ಬಾಗಿಲ ಹತ್ತಿರ ನಿಲ್ಲಿಸಿದ್ದರು. ಕೋಣೆಯಲ್ಲಿ ಖಾಲಿ ಕುರ್ಚಿಗಳು ನಾಲ್ಕಿದ್ದವು.

"ದಿನಕ್ಕೆ ಎಷ್ಟು ಗಂಟೆ ಓಡಿಸ್ತೀರಿ ಸಾರ್?"

"ಐದು. ಹೆಚ್ಚಂದ್ರೆ ಆರು," ಅಂದ ಧಣಿ.

ಮೆಕ್ಯಾನಿಕ್ ಪಂಪಿನ ತಳದ ಮುಚ್ಚಳ ತೆಗೆದ. ಉಗುರಿನಷ್ಟು ಅಗಲದ ಒಂದು ಮೀಟರು ಅಲ್ಲಿತ್ತು. "ಸ್ವಿಚ್ ಹಾಕಿದಾಗಿಂದ ಆರಿಸೋವರೆಗೂ ಎಣಿಸುತ್ತೆ ಇದು. ಎರಡು ಸಾವಿರದ ಇನ್ನೂರು ಗಂಟೆ. ಎಂಟು ತಿಂಗಳಲ್ಲಿ ಕೆಲಸದ ದಿನ ಇನ್ನೂರು. ಹನ್ನೊಂದಾಯ್ತಲ್ಲ ಸಾರ್?"

ಎಂಟು ತಿಂಗಳು ಬೆನ್ನ ಮೇಲೆ ಕೂತು ಸವಾರಿ ಮಾಡಿದ ಮುಂಡೇದು ಒಳಗೊಳಗೇ ತನ್ನ ಪರವಾಗಿ ಎಣಿಸುತ್ತಿತ್ತೇ! ದೊಡ್ಡಕ್ಕನಿಗೆ ಅದರ ಮೇಲೆ ಮೊದಲ ಸಲ ಅಕ್ಕರೆ ಬಂತು.

"ಮೀಟರು ಕೆಟ್ಟಿರ್ಬೇಕು," ಅಂದ ಧಣಿ.

"ಈ ಬ್ಯಾಗಿನಲ್ಲಿ ಕೆಡದೆ ಉಳಿದಿರೋದು ಅದೊಂದೇ ಸಾರ್."

ಮೆಕ್ಯಾನಿಕ್ ಮೀಟರಿನ ಗಂಟೆ ನಮೂದಿಸಿ ಮೂರು ಪ್ರತಿ ಚೀಟಿ ಬರೆದ. ಒಂದು ಕಂಪನಿಗೆ, ಒಂದು ಮಾಲೀಕರಿಗೆ, ಒಂದು ಬಳಸಿದವರಿಗೆ, ನಿಯಮ ಹಾಗಿತ್ತು. ವಾರಂಟಿ ಬೇಕಿದ್ದರೆ ಆರು ಗಂಟೆ ಮೀರಿದ್ದಕ್ಕೆ ಕಾರಣ ಬರೆದುಕೊಡಿ ಎಂದು ಹೇಳಿ ಹೋದ. ದೊಡ್ಡಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅರ್ಧ ಗಂಟೆಯಲ್ಲಿ ದೊಡ್ಡಕ್ಕನ ಹೆಸರಿನಲ್ಲಿ ಕಾರಣ ತಯಾರಾಯಿತು. ಧಣಿಯ ಪಕ್ಕ ಕೂತು ಬರೆದಿದ್ದ ಸೀಟಿ ಎದ್ದು ನಿಂತು ಓದಿದ: "ನಾನು ದಿನಾಲೂ ಕೆಲಸ ಮುಗಿದ ಮೇಲೆ ಯಾರಿಗೂ ತಿಳಿಸದೆ ಬ್ಯಾಗನ್ನು ಮನೆಗೆ ಒಯ್ದು, ಐದು ಗಂಟೆ ಸ್ವಂತಕ್ಕೆ ಬಳಸಿರುತ್ತೇನೆ..."

ದೊಡ್ಡಕ್ಕ ನಕ್ಕುಬಿಟ್ಟಳು. "ನಮ್ಮನೇಲಿ ಇರೋದು ಒಂದು ಕಿಟಕಿ ಧಣಿ. ಅದಕ್ಕೂ ಗಾಜಿಲ್ಲ, ರಟ್ಟು. ದಿನಾ ಐದು ಗಂಟೆ ರಟ್ಟು ತೊಳೀತಿದ್ನಾ?"

"ತಲೆಹರಟೆ ಬೇಡ." ಧಣಿ ಪೆನ್ನಿನ ಮುಚ್ಚಳ ತಾನೇ ತೆಗೆದು ಮೇಜಿನ ಮೇಲೆ ಇಟ್ಟ. "ಸಹಿ ಹಾಕು, ಆ ಚೀಟಿ ಕೊಡು. ನಾಳೆಯಿಂದ ಬ್ಯಾಗೇ ಹೊರಬೇಡ, ಒಳಗಡೆ ಕನ್ನಡಿ ಒರೆಸ್ಕೊಂಡು ಆರಾಮಾಗಿರು. ಇಲ್ಲಾಂದ್ರೆ ಹೊರಗೆ ದಾರಿ ಇದೆ."

ಕನ್ನಡಿಗಳು ಎದೆಯೆತ್ತರಕ್ಕೇ ಇರುತ್ತವೆ. ಕೈ ಮೇಲೆತ್ತುವ ಕೆಲಸವೇ ಇಲ್ಲ. ಭುಜ ಆಗಲೇ ಹೂಂ ಅಂದಿತ್ತು. ದೊಡ್ಡಕ್ಕ ಒಂದು ಗಳಿಗೆ ಪೆನ್ನನ್ನು ನೋಡಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಬಿಚ್ಚಿದ್ದ ಬ್ಯಾಗಿನ ಮುಚ್ಚಳ ಹಾಕಿ, ಎತ್ತಿಕೊಂಡು ಹೋಗಿ ಧಣಿಯ ಎದುರಿನ ಮೆತ್ತನೆಯ ಕುರ್ಚಿಯಲ್ಲಿ ಫ್ಯಾನಿನ ಗಾಳಿಗೆ ಕೂರಿಸಿದಳು. ಪಕ್ಕದ ಕುರ್ಚಿ ಎಳೆದುಕೊಂಡು ತಾನೂ ಕೂತಳು.

"ಏನೇ ಇದು?"

"ಪುಸ್ತಕದಲ್ಲಿ ಬರೆದಿದೆ ಧಣಿ. ನೆರಳಲ್ಲಿ ಹದಿನೈದು ನಿಮಿಷ. ಅದೊಂದನ್ನೇ ಬಿಟ್ಟು ಹೋದ್ರೆ ಅದಕ್ಕೆ ಬೇಜಾರು."

ಧಣಿ ಸೀಟಿಯ ಕಡೆ ನೋಡಿದ. ಸೀಟಿ ಕೊರಳಿನ ಸೀಟಿ ಮುಟ್ಟಿಕೊಂಡ, ಬಿಟ್ಟ. ಬಗ್ಗಿ, ಕಾಗದವನ್ನು ಅವಳ ತೊಡೆಯ ಹತ್ತಿರ ಹಿಡಿದ.

"ದೊಡ್ಡಕ್ಕಾ," ಅಂದ, ಮೊದಲ ಸಲ. "ಒಂದು ಸಹಿ ತಾನೆ. ಹಾಕಿಬಿಡು ದೊಡ್ಡಕ್ಕಾ."

"ಹಾಕಲ್ಲ," ಅಂದಳು. "ಚೀಟೀನೂ ಕೊಡಲ್ಲ."