ತಾಮಸಿನ್‌ಗೆ ಬಂದ ಸರದಾರ

ಸತ್ತ ಗಂಡನ ಬಿಯರ್ ಭಟ್ಟಿಯನ್ನು ಒಬ್ಬಳೇ ನಡೆಸುತ್ತಿದ್ದ ತಾಮಸಿನ್‌ಗೆ ಸೌತ್‌ವರ್ಕ್ ಪೇಟೆಯಲ್ಲಿ ಇದ್ದದ್ದು ಒಂದೇ ಕೊರಗು: ಎಲ್ಲರೂ ಅವಳನ್ನು ‘ಭಟ್ಟಿಯವಳು’ ಎನ್ನುತ್ತಿದ್ದರು. ಸರದಾರರ ಹೆಂಡಿರಂತೆ ‘ಲೇಡಿ’ ಎನ್ನಿಸಿಕೊಳ್ಳುವ ಆಸೆ ಅವಳದು. ಹಾಗಾಗಿ ಸರ್ ಕ್ರಿಸ್ಪಿನ್ ಎಂಬ ಸರದಾರ ಮೊಣಕಾಲೂರಿ ಮದುವೆಗೆ ಕೇಳಿದಾಗ ಅವಳ ಎದೆ ಕುಣಿಯಿತು. ಬೆನ್ನಿಗೇ ಅನುಮಾನವೂ ಹೊಕ್ಕಿತು.

ಮಧ್ಯಾಹ್ನದ ಹೊತ್ತು ಸರದಾರ ಎಂದೂ ಬರುತ್ತಿರಲಿಲ್ಲ. ಥೇಮ್ಸ್ ನದಿಯಾಚೆಯ ಮನೆ ತೋರಿಸೆಂದರೆ ಒಮ್ಮೆ ಮಾಡು ಸೋರುತ್ತಿತ್ತು, ಒಮ್ಮೆ ತಾಯಿಗೆ ಜ್ವರ. ಹುರಿದ ಹೆಬ್ಬಾತನ್ನು ಮಾತ್ರ ಉಪವಾಸ ಬಿದ್ದವನಂತೆ ತಿನ್ನುತ್ತಿದ್ದ. ಸಾಲದ್ದಕ್ಕೆ ಎದುರಂಗಡಿಯ ದರ್ಜಿ ಟ್ಯೂಕ್. ತನ್ನನ್ನು ಮದುವೆಯಾಗಲು ಅವಳು ಒಲ್ಲೆನೆಂದಂದಿನಿಂದ ಮುಖ ತಿರುಗಿಸಿಕೊಂಡಿದ್ದವನು ಈಗ ಟೋಪಿ ತೆಗೆದು ಬಾಗುತ್ತಿದ್ದ.

“ಏನ್ ಲೇಡಿಯವರೇ, ಪಾದ್ರಿ ನಿಮ್ಮ ಮದುವೆ ಸಾರೋ ದಿನ ಚರ್ಚಿಗೆ ಇಡೀ ಪೇಟೇನ ಕರೀತೀರಿ ತಾನೇ?”

“ನಿನಗ್ಯಾಕಯ್ಯಾ ಅಷ್ಟು ಸಡಗರ?”

“ನೆರೆಹೊರೆ ಅಂದ್ಮೇಲೆ ಸಂತೋಷ ಪಡಬಾರ್ದಾ?”

ಹಗೆಯವನ ಸಂತೋಷ ಕಂಡು ತಾಮಸಿನ್‌ಗೆ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಶಾಲು ಹೊದ್ದು ನದಿದಂಡೆಯಲ್ಲಿ ಕಾದು ನಿಂತಳು. ಸರದಾರ ದೋಣಿಯಿಂದಿಳಿದು ನೆಟ್ಟಗೆ ನಾಟಕಶಾಲೆಯ ಹಿಂಬಾಗಿಲಿಗೆ ನುಗ್ಗಿದ. ಅವಳು ಮುಂಬಾಗಿಲಿನಿಂದ ಹೋಗಿ ಜನರ ನಡುವೆ ನಿಂತಳು. ರಂಗದ ಮೇಲೆ ಅವಳ ಸರದಾರ, ಹೆಣ್ಣುವೇಷದವನ ಮುಂದೆ ಮೊಣಕಾಲೂರಿ, ತಾಮಸಿನ್‌ಗೆ ಹೇಳಿದ ಮಾತುಗಳನ್ನೇ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದ.

ನಾಟಕ ಮುಗಿದದ್ದೇ ಹಿಂಬಾಗಿಲಲ್ಲಿ ಅವನ ಕೊರಳಪಟ್ಟಿ ಅವಳ ಕೈಯಲ್ಲಿತ್ತು.

“ಯಾರೋ ನೀನು? ಯಾರು ಕಳ್ಸಿದ್ದು?”

“ಬಾರ್ನಬಿ ರೇ ಅಂತ, ನಾಟಕದವನು. ಟ್ಯೂಕ್ ಈ ಬಟ್ಟೆ ಹೊಲಿದುಕೊಟ್ಟ. ಮದುವೆ ಸಾರುವಾಗ ಎದ್ದುನಿಂತು ನನ್ನ ಬಣ್ಣ ಬಯಲು ಮಾಡಿ ನಿಮ್ಮನ್ನ ನಗೆಪಾಟಲು ಮಾಡ್ಬೇಕು ಅಂತಿದ್ದಾನೆ. ಆದ್ರೆ... ನನಗೆ ನಿಮ್ಮ ಮೇಲೆ ನಿಜವಾಗ್ಲೂ ಮನಸ್ಸಾಗಿದೆ.”

“ಇದು ಯಾವ ನಾಟಕದ ಮಾತು?”

“ಯಾವುದರಲ್ಲೂ ಇಲ್ಲ. ಇದ್ದಿದ್ರೆ ಇನ್ನೂ ಚೆನ್ನಾಗಿ ಹೇಳ್ತಿದ್ದೆ.”

ಅವಳಿಗೆ ನಗು ಬಂತು. ನಂಬಿಕೆ ಬರಲಿಲ್ಲ. ಆದರೆ ಟ್ಯೂಕ್‌ನ ಮುಖ ನೆನಪಾಯಿತು.

ಮದುವೆಗೆ ಮುನ್ನ ಮೂರು ಭಾನುವಾರ ಚರ್ಚಿನಲ್ಲಿ ಸಾರಬೇಕೆಂಬುದು ಕಟ್ಟಳೆ. ಮೊದಲ ಭಾನುವಾರ ಚರ್ಚು ಕಿಕ್ಕಿರಿದಿತ್ತು. ಟ್ಯೂಕ್ ಮುಂದಿನ ಸಾಲಿನಲ್ಲೇ ಕುಳಿತಿದ್ದ. ಪಾದ್ರಿ ಸಾರಿದ: “ವಿಧವೆ ತಾಮಸಿನ್‌ಗೂ ನಾಟಕದ ಬಾರ್ನಬಿ ರೇ ಎಂಬವನಿಗೂ ಮದುವೆ ನಿಶ್ಚಯವಾಗಿದೆ. ಅಡ್ಡಿಯಿದ್ದವರು ಹೇಳಬಹುದು.”

ಅರ್ಧ ಎದ್ದಿದ್ದ ಟ್ಯೂಕ್ ಬಾಯಿ ತೆರೆದ. ಬಯಲು ಮಾಡಲು ಏನೂ ಉಳಿದಿರಲಿಲ್ಲ. “ಏನ್ ಟ್ಯೂಕ್, ನಿಂಗೂ ಒಂದು ಪಾತ್ರ ಬೇಕಿತ್ತಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಚರ್ಚು ನಕ್ಕಿತು. ದರ್ಜಿ ಟೋಪಿಯನ್ನೂ ಮರೆತು ಹೊರನಡೆದ.

ಮೆಟ್ಟಿಲಿಳಿಯುವಾಗ ಬಾರ್ನಬಿ ಅವಳ ಕೈ ಹಿಡಿಯಹೋದ. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಮದುವೆ ಸಾರೋದು ಇನ್ನೂ ಎರಡು ಭಾನುವಾರ ಇದೆ. ಅಲ್ಲೀತನಕ ನಿನ್ನ ಮೇಲೆ ಕಣ್ಣಿಟ್ಟಿರ್ತೀನಿ.”